ಆಟಿಕಿ ಎತ್ತಿಟ್ಟ ಕಾಳು

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಜಲವಿಜ್ಞಾನದ ವ್ಯಾಸಂಗಕ್ಕೆಂದು ಹೋಗಿರುವ ನನ್ನ ಮೊಮ್ಮಗಳು, ಹೋದ ಮಾಘಮಾಸದ ಒಂದು ಭಾನುವಾರ, ಆ ದೇಶದ ಪದ್ಧತಿಯಂತೆ ಅಂಗಡಿಗಳೆಲ್ಲ ಮುಚ್ಚಿ, ಬೀದಿಯಲ್ಲಿ ಹಿಮ ಬಿದ್ದು, ಹೊರಗೆ ಹೋಗುವ ಮನಸ್ಸೂ ಒಳಗೆ ಮಾಡುವ ಕೆಲಸವೂ ಇಲ್ಲದಿದ್ದ ಮಧ್ಯಾಹ್ನದ ಹೊತ್ತಿನಲ್ಲಿ ನನ್ನನ್ನು ದೂರವಾಣಿಯಲ್ಲಿ ಕರೆದು, ಹುಟ್ಟಿದಂದಿನಿಂದ ನನ್ನ ತೊಡೆಯ ಮೇಲೆ ಆಡಿ ಬೆಳೆದೂ ಒಮ್ಮೆಯಾದರೂ ಕೇಳಿರದಿದ್ದ ಬಗೆಯ ಪ್ರಶ್ನೆಯೊಂದನ್ನು ಕೇಳಿದಳು. "ತಾತ, ನಾಲ್ಕು ತಿಂಗಳಿಂದ ನಾನು ಶ್ಯಾವಿಗೆ ಮೇಲೆ ಉದುರಿಸಿಕೊಂಡು ತಿಂತಿರೋ ಚೀಸಿಗೆ ಕರುವಿನ ಹೊಟ್ಟೇಲಿರೋ ಹೆಪ್ಪು ಹಾಕ್ತಾರಂತೆ. ಇವತ್ತು ಗೊತ್ತಾಯ್ತು. ಈಗ ನಾನೇನು ಮಾಡಬೇಕು?"

ಅವಳು ಹೇಳಿದ್ದು ದಿಟವೆಂದು ಆಮೇಲೆ ತಿಳಿದುಕೊಂಡೆ. ಇಟಲಿಯ ಪಾರ್ಮ ಮೊದಲಾದ ಕೆಲವು ಸೀಮೆಗಳಲ್ಲಿ ಮಾತ್ರ ತಯಾರಾಗತಕ್ಕ, ಪಾರ್ಮಿಜಾನೊ ಎಂದು ಪ್ರಸಿದ್ಧವಾದ ಆ ಗಟ್ಟಿ ಚೀಸನ್ನು, ಇನ್ನೂ ಹಾಲು ಬಿಡದ ಕರುವಿನ ಜಠರದಿಂದ ತೆಗೆದ ರಸದಿಂದಲೇ ಹೆಪ್ಪುಗಟ್ಟಿಸಬೇಕೆಂಬುದು ಅಲ್ಲಿಯವರು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿರುವ ವಿಧಿಯಂತೆ. ನಮ್ಮ ಮನೆಗಳ ಮಡಿಗಿಂತ ಒಂದು ಕೂದಲೆಳೆಯಷ್ಟೂ ಸಡಿಲವಾದುದಲ್ಲ. ಕರುವನ್ನು ಕೊಂದಲ್ಲದೆ ಆ ರಸ ದೊರೆಯದು. ಹಾಲಿನಿಂದಾದುದೆಲ್ಲ ಸಾತ್ತ್ವಿಕವೆಂದು ನಂಬಿ ಬೆಳೆದ ಹುಡುಗಿಗೆ ಹಾಲೇ ಹೀಗೆ ಕೈಕೊಟ್ಟರೆ ದಿಗಿಲಾಗುವುದು ಸಹಜ. ಅದಕ್ಕೆ ಸೇರಿಸಿ ಇನ್ನೊಂದು ಸಂಗತಿಯನ್ನೂ ಅವಳು ಹೇಳಿದಳು. ಅವಳಿರುವ ವಿದ್ಯಾರ್ಥಿನಿಲಯದಲ್ಲಿ ಮೂವರಿಗೆ ಒಂದು ಅಡುಗೆಮನೆ. ಆ ಅಡುಗೆಮನೆಗೆ ಒಂದೇ ಬಾಣಲೆ. ಅದರಲ್ಲಿ ವಿಯೆಟ್ನಾಮಿನಿಂದ ಬಂದಿರುವ ಗೆಳತಿ ರಾತ್ರಿ ಹಂದಿಯ ಮಾಂಸವನ್ನೋ ಮೀನನ್ನೋ ಹುರಿದುಕೊಳ್ಳುವಳು, ಬೆಳಗಾದರೆ ಇವಳು ಅದನ್ನೇ ಉಜ್ಜಿ ತೊಳೆದು ಒಗ್ಗರಣೆ ಹಾಕಿಕೊಳ್ಳುವಳು. ತೊಳೆದರೆ ಹೋಯಿತೆ, ಅಥವಾ ಹೋಗದೆ ಉಳಿಯುವುದು ಏನಾದರೂ ಇದೆಯೆ, ಎಂಬುದು ಎರಡನೆಯ ಪ್ರಶ್ನೆ.

ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಕಾಲೇಜಿನಲ್ಲಿ ವೇದಾಂತವನ್ನು ಪಾಠ ಹೇಳಿ ನಿವೃತ್ತನಾದವನು. ಇಂಥ ಪ್ರಶ್ನೆ ಬಂದಾಗ ಹೊಟ್ಟೆಗಿಂತ ಮೊದಲು ಗ್ರಂಥವನ್ನು ವಿಚಾರಿಸುವ ದುರಭ್ಯಾಸ ನನಗುಂಟು. ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುವುದೆಂದು ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಅದರ ಅರ್ಥವನ್ನು ಬಿಡಿಸುವಾಗ ನಮ್ಮ ಆಚಾರ್ಯರು ಎರಡು ದಾರಿ ಹಿಡಿದಿದ್ದಾರೆ. ರಾಮಾನುಜರ ಸಂಪ್ರದಾಯದವರಿಗೆ ಆಹಾರವೆಂದರೆ ಉಣ್ಣುವ ಅನ್ನವೇ. ಅದಕ್ಕೆ ಅಂಟಬಹುದಾದ ದೋಷ ಮೂರು: ಬೆಳ್ಳುಳ್ಳಿ ಈರುಳ್ಳಿಗಳಲ್ಲಿರುವಂತೆ ಪದಾರ್ಥದ ಜಾತಿಯಿಂದಲೇ ಬರುವುದು, ಕೊಟ್ಟವರ ಮುಟ್ಟಿದವರ ಆಶ್ರಯದಿಂದ ಬರುವುದು, ಕೂದಲು ಧೂಳು ಬಿದ್ದ ನಿಮಿತ್ತದಿಂದ ಬರುವುದು. ಶಂಕರರಾದರೋ ಆ ಪದವನ್ನು ಅಡುಗೆಮನೆಯಿಂದ ಹೊರಕ್ಕೆ ತಂದು, ಕಣ್ಣು ಕಿವಿ ಮೊದಲಾದವುಗಳ ಮೂಲಕ ನಾವು ಒಳಕ್ಕೆ ಆಹರಿಸಿಕೊಳ್ಳುವ ವಿಷಯಜ್ಞಾನವೇ ಆಹಾರ, ಅದು ರಾಗದ್ವೇಷಗಳ ಸೋಂಕಿಲ್ಲದೆ ಬಂದರೆ ಶುದ್ಧಿ, ಎನ್ನುತ್ತಾರೆ. ತರಗತಿಯಲ್ಲಿ ಈ ಎರಡನ್ನೂ ಹಲಗೆಯ ಮೇಲೆ ಎದುರುಬದುರಾಗಿ ಬರೆದು, ಎರಡಕ್ಕೂ ಸಮನಾದ ಗೌರವ ತೋರಿ ಗಂಟೆ ಹೊಡೆಯುವವರೆಗೆ ಕಾಲ ಕಳೆಯುವುದು ಸುಲಭ. ಬಾಣಲೆ ಕೈಯಲ್ಲಿ ಹಿಡಿದು ನಿಂತ ಹುಡುಗಿಗೆ ಯಾವುದನ್ನು ಹೇಳುವುದು? ಮೂರು ದೋಷಗಳ ಲೆಕ್ಕ ಹಿಡಿದರೆ ಅವಳು ಆ ಊರಿನಲ್ಲಿ ಸೇಬಿನ ಹಣ್ಣಿಗಿಂತ ಹೆಚ್ಚೇನನ್ನೂ ಮುಟ್ಟುವಂತಿಲ್ಲ. ವಿಷಯಜ್ಞಾನದ ಅರ್ಥವನ್ನು ಹಿಡಿದರೆ ಏನನ್ನೂ ಬಿಡಬೇಕಾಗಿಲ್ಲ. ಉಪವಾಸಕ್ಕೂ ಸ್ವೇಚ್ಛೆಗೂ ನಡುವೆ ಒಂದು ಹೊತ್ತಿನ ಊಟಕ್ಕೆ ದಾರಿ ಬೇಕಲ್ಲವೆ?

ಪ್ರಾಚೀನರು ಈ ಕಷ್ಟವನ್ನು ಅರಿಯದವರೇನೂ ಅಲ್ಲ. ಸಮುದ್ರಯಾನವನ್ನು ಕೂಡದೆಂದು ಹೇಳುವವರು ಎತ್ತಿ ಹಿಡಿಯುವ ಗ್ರಂಥಗಳಲ್ಲಿ ಬೌಧಾಯನ ಧರ್ಮಸೂತ್ರವೂ ಒಂದು. ಆದರೆ ಆ ಸೂತ್ರಕಾರನ ಮಾತನ್ನು ಪೂರ್ತಿಯಾಗಿ ಓದಿದವರಿಗೆ ನಗು ಬಾರದೆ ಇರದು. ಉತ್ತರದವರ ವಿಶೇಷಾಚಾರಗಳೆಂದು ಐದನ್ನೂ ದಕ್ಷಿಣದವರವೆಂದು ಐದನ್ನೂ ಅವನು ಪಟ್ಟಿಮಾಡಿದ್ದಾನೆ. ಕಡಲ ಮೇಲೆ ಹೋಗುವುದು, ಉಣ್ಣೆ ಮಾರುವುದು, ಕಬ್ಬಿನ ಮದ್ಯ ಕುಡಿಯುವುದು ಉತ್ತರದವರ ಪಾಲಿಗೆ ಬಂದಿವೆ. ಸೋದರಮಾವನ ಮಗಳನ್ನು ಮದುವೆಯಾಗುವುದು, ಹೆಂಡತಿಯೊಡನೆ ಕುಳಿತು ಉಣ್ಣುವುದು, ಹಳಸಿದ ಅನ್ನ ತಿನ್ನುವುದು ನಮ್ಮ ಪಾಲಿಗೆ. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಮೊಸರು ಕಲಸಿ ಮಾವಿನಕಾಯಿ ಉಪ್ಪಿನಕಾಯಿ ನಂಚಿಕೊಂಡು ಉಣ್ಣುವ ನಾಡು ನಮ್ಮದೆಂಬುದು ಅವನಿಗೂ ಗೊತ್ತಿತ್ತು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಅಂಥ ಅನ್ನವನ್ನು ತಾಮಸರಿಗೆ ಪ್ರಿಯವಾದುದೆಂದು ಎಣಿಸಿದೆಯಾದರೂ, ಆ ಶ್ಲೋಕವನ್ನು ಬಾಯಿಪಾಠ ಮಾಡಿಯೇ ತಂಗಳನ್ನ ಉಂಡು ಪಾಠಶಾಲೆಗೆ ಹೋದ ಪಂಡಿತರನ್ನು ನಾನು ಬಲ್ಲೆ. ನನ್ನ ಮೊಮ್ಮಗಳು ಭಾನುವಾರ ಮಾಡಿದ ಹುಳಿಯನ್ನು ತಂಗಳುಪೆಟ್ಟಿಗೆಯಲ್ಲಿಟ್ಟು ಬುಧವಾರದವರೆಗೆ ಉಣ್ಣುತ್ತಾಳೆ. ಆ ಮಟ್ಟಿಗೆ ಅವಳು ಶುದ್ಧ ದಾಕ್ಷಿಣಾತ್ಯಳೇ.

ಅವಳು ಹೊರಡುವ ಮುನ್ನ ಮನೆಯಲ್ಲಿ ನಡೆದ ಮೂಟೆ ಕಟ್ಟುವ ಸಂಭ್ರಮ ಇಲ್ಲಿ ನೆನಪಾಗುತ್ತದೆ. ಇಪ್ಪತ್ತಮೂರು ಕಿಲೋಗ್ರಾಮಿನ ಎರಡು ಪೆಟ್ಟಿಗೆಗಳಿಗೆ ಅನುಮತಿ. ಅದರಲ್ಲಿ ಪುಸ್ತಕ ಬಟ್ಟೆಗಳಿಗೆ ಒಂದು, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಅವಲಕ್ಕಿ, ಪುಳಿಯೋಗರೆಯ ಗೊಜ್ಜು, ಹಪ್ಪಳಗಳಿಗೆ ಇನ್ನೊಂದು. ನನ್ನ ಸೊಸೆ ಸ್ನಾನದ ಮನೆಯ ತಕ್ಕಡಿಯ ಮೇಲೆ ಪೆಟ್ಟಿಗೆಯನ್ನು ಅಪ್ಪಿಕೊಂಡು ನಿಂತು, ಆಮೇಲೆ ತಾನೊಬ್ಬಳೇ ನಿಂತು, ಎರಡರ ವ್ಯತ್ಯಾಸವನ್ನು ಬರೆದುಕೊಂಡು, ಒಂದೊಂದು ಪೊಟ್ಟಣವನ್ನೂ ತೆಗೆದು ಹಾಕಿ ನಿರ್ಧರಿಸಿದ್ದನ್ನು ನೋಡಿದಾಗ ಕನಕದಾಸರ ರಾಮಧಾನ್ಯಚರಿತೆ ಕಣ್ಣ ಮುಂದೆ ಬಂದಿತು. ಅಲ್ಲಿಯೂ ಭತ್ತ ರಾಗಿಗಳ ಮೇಲ್ಮೆಯನ್ನು ವಾದದಿಂದ ತೀರ್ಮಾನಿಸಲಾಗದೆ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೆಡದೆ ಹೊರಕ್ಕೆ ಬಂದದ್ದು ರಾಗಿ. ದೂರದೇಶಕ್ಕೆ ಹೋಗುವ ಆಹಾರಕ್ಕೆ ಕುಲಗೋತ್ರಗಳಿಗಿಂತ ಬಾಳಿಕೆಯೇ ಮುಖ್ಯವೆಂದು ಕನಕದಾಸರಿಗೆ ತಿಳಿದಿತ್ತು. ತುಪ್ಪ ಮಾತ್ರ ಹೋಗಲಿಲ್ಲ. ಹೊರಗಿನಿಂದ ಬರುವವರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತಮ್ಮ ಸಾಮಾನಿನಲ್ಲಿ ತರಕೂಡದೆಂದು ಯೂರೋಪಿನ ಒಕ್ಕೂಟದ ಕಟ್ಟಳೆ. ನಮ್ಮ ಹಸುವಿನ ತುಪ್ಪವೂ ಯಾರದೋ ಹಂದಿಯ ಮಾಂಸವೂ ಒಂದೇ ನಿಷೇಧದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತವು! ಅಂದರೆ ಮಡಿ ಎಂಬುದು ಆ ದೇಶದಲ್ಲಿಯೂ ಇದೆ, ಅದರ ಅಧಿದೇವತೆ ಬೇರೆ.

ಈ ಹಾದಿಯಲ್ಲಿ ಮೊದಲು ನಡೆದು, ತಾನು ಉಂಡದ್ದನ್ನೂ ಬಿಟ್ಟದ್ದನ್ನೂ ಲೋಕಕ್ಕೆ ಕಾಣುವಂತೆ ಬರೆದಿಟ್ಟವರು ಗಾಂಧೀಜಿ. 1888ರ ಸೆಪ್ಟೆಂಬರಿನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ ಮುಂಬಯಿಯಲ್ಲಿ ಹಡಗು ಹತ್ತಿದಾಗ, ಮೋಢ ಬನಿಯರ ಕುಲದವರು ಅವನನ್ನು ಹೊರಗೆ ಹಾಕಿ, ಅವನನ್ನು ಕಳಿಸಲು ಬಂದರಿಗೆ ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ವಿಧಿಸಿದ್ದರು. ಹೊರಡುವ ಮುನ್ನ ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ, ಜೈನ ಯತಿಗಳಾಗಿದ್ದ ಬೇಚರ್ಜಿ ಸ್ವಾಮಿಗಳ ಮುಂದೆ, ಮದ್ಯ ಮಾಂಸ ಸ್ತ್ರೀಸಂಗಗಳನ್ನು ಮುಟ್ಟೆನೆಂದು ಅವನು ಪ್ರತಿಜ್ಞೆ ಮಾಡಿದ್ದ. ಸ್ವಾರಸ್ಯವೇನೆಂದರೆ, ಭಾರತೀಯರು ಬಲಿಷ್ಠರಾಗಬೇಕಾದರೆ ಮಾಂಸ ತಿನ್ನಬೇಕು ಎಂದೇ ಆ ಕಾಲದಲ್ಲಿ ಅವನ ನಂಬಿಕೆ. ಮಾಂಸ ಕೆಟ್ಟದ್ದೆಂದು ಅಲ್ಲ, ಮಾತು ಕೊಟ್ಟೆನೆಂದು ಬಿಟ್ಟವನು ಅವನು. ಲಂಡನ್ನಿನ ಮನೆಯೊಡತಿಯರು ಬೇಯಿಸಿಕೊಟ್ಟ ಉಪ್ಪುಖಾರವಿಲ್ಲದ ಸೊಪ್ಪನ್ನೂ ಲೆಕ್ಕ ಹಾಕಿ ಕೊಟ್ಟ ರೊಟ್ಟಿಯ ಚೂರುಗಳನ್ನೂ ತಿಂದು ಹಸಿದುಕೊಂಡೇ ಇರುತ್ತಿದ್ದ ಅವನಿಗೆ, ಸ್ನೇಹಿತರೊಬ್ಬರು ಬೆಂಥಮನ ಗ್ರಂಥವನ್ನು ಓದಿ ಹೇಳಿ ಮಾಂಸದ ಉಪಯುಕ್ತತೆಯನ್ನು ಸಾಧಿಸಹೊರಟರಂತೆ. ವಾದದಲ್ಲಿ ನಾನು ಸೋತೆ, ಪ್ರತಿಜ್ಞೆಯನ್ನು ಮಾತ್ರ ಬಿಡಲಾರೆ, ಎಂಬರ್ಥದ ಉತ್ತರ ಕೊಟ್ಟು ಹುಡುಗ ಸುಮ್ಮನಾದ. ಅದೇ ಸ್ನೇಹಿತರು ಹೋಬರ್ನ್ ಭೋಜನಶಾಲೆಗೆ ಕರೆದುಕೊಂಡು ಹೋಗಿದ್ದಾಗ, ತಟ್ಟೆಯಲ್ಲಿ ಬಂದ ಸೂಪು ಯಾವುದರಿಂದ ಮಾಡಿದ್ದೆಂದು ಪರಿಚಾರಕನನ್ನು ಕೇಳಹೋಗಿ, ಸಭ್ಯರ ನಡುವೆ ಹಾಗೆ ಕೇಳುವಂತಿಲ್ಲವೆಂದು ಬೈಸಿಕೊಂಡು, ಅವನು ಎದ್ದು ಹೊರಕ್ಕೆ ನಡೆದ. ಆ ರಾತ್ರಿ ಊಟವಿಲ್ಲ. ಸಸ್ಯಾಹಾರದ ಉಪಾಹಾರಗೃಹವನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕಡೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದನ್ನು ಕಂಡು, ಅದರ ಬಾಗಿಲಲ್ಲೇ ಮಾರಾಟಕ್ಕಿಟ್ಟಿದ್ದ ಸಾಲ್ಟ್ ಎಂಬವರ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡು, ಹೊಟ್ಟೆ ತುಂಬ ಉಂಡು, ಓದಿದ ಮೇಲೆ ಅವನು ತನ್ನ ಇಚ್ಛೆಯಿಂದ ಸಸ್ಯಾಹಾರಿಯಾದದ್ದು.

ಮೊಟ್ಟೆಯ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ಮಾಂಸವೆಂದರೇನು ಎಂಬುದಕ್ಕೆ ಇಂಗ್ಲೆಂಡಿನ ಸಸ್ಯಾಹಾರಿಗಳಲ್ಲಿ ಮೂರು ವ್ಯಾಖ್ಯಾನಗಳಿದ್ದುವು: ಪಶುಪಕ್ಷಿಗಳ ಮಾಂಸ ಮಾತ್ರ ಎಂಬುದು ಒಂದು, ಮೀನೂ ಸೇರಿದಂತೆ ಸಕಲ ಪ್ರಾಣಿಗಳದು ಎಂಬುದು ಇನ್ನೊಂದು, ಹಾಲು ಮೊಟ್ಟೆಗಳೂ ಸೇರಿ ಎಂಬುದು ಮೂರನೆಯದು. ಮೊದಲನೆಯದನ್ನು ಒಪ್ಪಿದರೆ ಮೀನೂ ನಡೆಯುತ್ತಿತ್ತು, ಎರಡನೆಯದನ್ನು ಒಪ್ಪಿದರೆ ಮೊಟ್ಟೆ ನಡೆಯುತ್ತಿತ್ತು. ಕೆಲವು ದಿನ ಮೊಟ್ಟೆ ತಿಂದ ಹುಡುಗ ಆಮೇಲೆ ಯೋಚಿಸಿದ: ಪ್ರತಿಜ್ಞೆಯ ಶಬ್ದಕ್ಕೆ ಅರ್ಥ ಹೇಳುವ ಅಧಿಕಾರ ಯಾರಿಗೆ? ಮಾಡಿಸಿಕೊಂಡವರಿಗೆ. ತಾಯಿಯ ನಿಘಂಟಿನಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರಿತ್ತು, ಹಾಲು ಸೇರಿರಲಿಲ್ಲ. ಆದ್ದರಿಂದ ಮೊಟ್ಟೆ ಬಿಟ್ಟ. ಅದರಿಂದ ಕಷ್ಟ ಹೆಚ್ಚಿತು. ಏಕೆಂದರೆ ಆ ದೇಶದ ಸಿಹಿತಿಂಡಿಗಳಲ್ಲಿ ಮೊಟ್ಟೆ ಕಾಣದಂತೆ ಕುಳಿತಿರುತ್ತದೆ. ಇಂದು ನಮ್ಮ ಸರ್ಕಾರ ಪೊಟ್ಟಣಗಳ ಮೇಲೆ ಹಾಕಿಸುವ ಹಸಿರು ಚುಕ್ಕೆಯ ನಿಯಮವನ್ನು ನೋಡಿರಿ: ಹಾಲು ಒಳಗೆ, ಮೊಟ್ಟೆ ಹೊರಗೆ. ಯೂರೋಪಿನಲ್ಲಿ ಸಸ್ಯಾಹಾರದ ಮುದ್ರೆ ಹೊತ್ತ ಪೊಟ್ಟಣದಲ್ಲಿ ಮೊಟ್ಟೆ ಇರಬಹುದು. ಮೂರು ವ್ಯಾಖ್ಯಾನಗಳ ತರ್ಕ ಅಲ್ಲಿಯೇ ಉಳಿಯಿತು. ರಾಜಕೋಟೆಯ ಒಬ್ಬ ವಿಧವೆಯ ವ್ಯಾಖ್ಯಾನ ನೂರಕ್ಕೂ ಹೆಚ್ಚು ಕೋಟಿ ಜನರ ಬಿಸ್ಕತ್ತಿನ ಪೊಟ್ಟಣದ ಮೇಲೆ ಬಂದು ಕುಳಿತಿದೆ.

ಗಾಂಧೀಜಿಯವರದು ನಿಯಮ ಗೆದ್ದ ಕಥೆಯಾದರೆ, ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು ಹೇಳಲು ಕಷ್ಟವಾದ ಕಥೆ. 1914ರ ಮಾರ್ಚಿನಲ್ಲಿ ಮದರಾಸಿನಿಂದ ಹೊರಟು ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಮುಟ್ಟಿದ ಅವರು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ತಮ್ಮ ಕೋಣೆಯಲ್ಲಿಯೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಮೊದಲಾಗಿ ಕಾಯಿಪಲ್ಲೆ ದೊರೆಯುವುದು ದುರ್ಲಭವಾಯಿತು. ಅವರ ಗುರುವೂ ಮಿತ್ರನೂ ಆಗಿದ್ದ ಹಾರ್ಡಿ ಎರಡು ಸಂಗತಿಗಳನ್ನು ದಾಖಲಿಸಿದ್ದಾರೆ. ಉಡುಪು ಬದಲಿಸಿ ಪೈಜಾಮ ಹಾಕಿಕೊಂಡಲ್ಲದೆ ಅವರು ಅಡುಗೆಗೆ ಕೈಯಿಕ್ಕುತ್ತಿರಲಿಲ್ಲ ಎಂಬುದು ಒಂದು. ಎಲ್ಲ ಮತಗಳೂ ತಮಗೆ ಹೆಚ್ಚುಕಡಮೆ ಒಂದೇ ಸಮನಾಗಿ ಸತ್ಯವೆಂದು ತೋರುತ್ತವೆಯೆಂದು ಅವರು ಹೇಳಿದ್ದು ಇನ್ನೊಂದು. ನಾಸ್ತಿಕರಾಗಿದ್ದ ಹಾರ್ಡಿಗೆ ಇವೆರಡೂ ಒಂದೇ ತಲೆಯಲ್ಲಿ ಹೇಗೆ ಸೇರುತ್ತವೆಂಬುದು ಆಶ್ಚರ್ಯ. ಆದಕಾರಣ ರಾಮಾನುಜನ್ನರ ಧರ್ಮವು ಆಚರಣೆಯ ಮಾತೇ ಹೊರತು ಬುದ್ಧಿಯ ನಿಶ್ಚಯವಲ್ಲವೆಂದು ಅವರು ತೀರ್ಮಾನಿಸಿದರು.

ಆ ತೀರ್ಮಾನಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಡಿ ಎಂಬ ಮಾತು ಹಾರ್ಡಿಯವರ ಭಾಷೆಯಲ್ಲಿರಲಿಲ್ಲ. ಇದ್ದಿದ್ದರೆ ಆ ಪೈಜಾಮ ಏನೆಂಬುದು ಅವರಿಗೆ ಹೊಳೆಯುತ್ತಿತ್ತು. ಒಗೆದ ಪಂಚೆ ಒಣಗಿಸಲು ಬಿಸಿಲಿಲ್ಲದ, ಒದ್ದೆಬಟ್ಟೆ ಉಟ್ಟರೆ ನ್ಯುಮೋನಿಯ ಬರುವ ಊರಿನಲ್ಲಿ, ಅಯ್ಯಂಗಾರರ ಮನೆಯ ಹುಡುಗನೊಬ್ಬ ತನಗೆ ಸಾಧ್ಯವಾದ ಮಡಿಯನ್ನು ಕಂಡುಕೊಂಡಿದ್ದ. ಎಲ್ಲ ಮತಗಳೂ ಸತ್ಯವೆಂದು ಬಗೆಯುವವನು ತನ್ನ ಮತದ ಅಡುಗೆಯನ್ನೇಕೆ ಬಿಡಬೇಕು? ಎಲ್ಲ ಭಾಷೆಗಳೂ ಸಮನೆಂದು ತಿಳಿದವನು ಮಾತಾಡುವುದನ್ನೇನೂ ನಿಲ್ಲಿಸುವುದಿಲ್ಲವಷ್ಟೆ. ಯಾವುದಾದರೂ ಒಂದರಲ್ಲಿ ಆಡುತ್ತಾನೆ, ಬಹುಮಟ್ಟಿಗೆ ತಾಯಿ ಕಲಿಸಿದ್ದರಲ್ಲಿ. ಆದರೆ ನನ್ನ ಈ ಸಮರ್ಥನೆಗೂ ಒಂದು ಮೇರೆಯಿದೆ. 1917ರಲ್ಲಿ ಕಾಯಿಲೆ ಬಿದ್ದು ಆರೋಗ್ಯಧಾಮಗಳಲ್ಲಿ ಮಲಗಿದಾಗ ಅವರ ಪಥ್ಯ ವೈದ್ಯರಿಗೂ ಅವರಿಗೂ ದೊಡ್ಡ ತೊಡಕಾಯಿತು. 1919ರಲ್ಲಿ ಹಿಂದಿರುಗಿದವರು ಮರುವರ್ಷದ ಏಪ್ರಿಲಿನಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡರು. ಸಸ್ಯಾಹಾರವೇ ಅವರನ್ನು ಕೊಂದಿತೆಂದು ಹಗುರವಾಗಿ ಹೇಳುವವರಿದ್ದಾರೆ. ಅವರ ರೋಗ ಕ್ಷಯವೋ, ಈಚೆಗೆ ಕೆಲವರು ಊಹಿಸಿರುವಂತೆ ಯಕೃತ್ತಿನ ಬೇನೆಯೋ, ಎಂಬುದೇ ವಿವಾದದಲ್ಲಿರುವಾಗ ಅನ್ನದ ಮೇಲೆ ಆ ಅಪವಾದ ಹೊರಿಸುವುದು ನ್ಯಾಯವಲ್ಲ. ಆದರೂ ಆ ಆರೋಗ್ಯಧಾಮದ ಹಾಸಿಗೆಯ ಪಕ್ಕದಲ್ಲಿ ಕುಂಭಕೋಣದ ಒಬ್ಬ ಅತ್ತೆಯೋ ಅಕ್ಕನೋ ಇದ್ದು ಒಂದು ಲೋಟ ಮೆಣಸಿನ ಸಾರು ಕಾಸಿಕೊಟ್ಟಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಈ ಅನ್ನಿಸಿಕೆಯೇ ನನ್ನನ್ನು ನಾನು ಹೇಳಬೇಕಾದ ಮಾತಿಗೆ ತಂದು ನಿಲ್ಲಿಸುತ್ತದೆ. ಪ್ರಾಣಕ್ಕೆ ಸಂಚಕಾರ ಬಂದಾಗ ಎಲ್ಲ ಅನ್ನಕ್ಕೂ ಅನುಮತಿಯುಂಟು, ಉಳಿದಾಗ ಇಲ್ಲ, ಎಂದು ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯ ನಿರ್ಣಯಿಸುತ್ತದೆ. ಅದಕ್ಕೆ ಆಧಾರವಾಗಿ ಭಾಷ್ಯಕಾರರು ತೋರಿಸುವುದು ಛಾಂದೋಗ್ಯದ ಉಷಸ್ತಿ ಚಾಕ್ರಾಯಣನ ಕಥೆಯನ್ನು. ಕುರುದೇಶದ ಪೈರು ಆಲಿಕಲ್ಲಿಗೋ ಮಿಡತೆಗೋ ಸಿಕ್ಕಿ ಹಾಳಾದ ವರ್ಷ, ಉಷಸ್ತಿಯು ಹೆಂಡತಿ ಆಟಿಕಿಯೊಡನೆ ಆನೆಯವರ ಹಳ್ಳಿಯೊಂದರಲ್ಲಿ ದಿಕ್ಕಿಲ್ಲದೆ ಇದ್ದನಂತೆ. ಅಲ್ಲಿ ಒಬ್ಬ ಕುಲ್ಮಾಷವೆಂಬ ಬಡವರ ಕಾಳನ್ನು ತಿನ್ನುತ್ತ ಕುಳಿತಿದ್ದ. ಉಷಸ್ತಿ ಬೇಡಿದ. ನನ್ನ ಪಾತ್ರೆಯಲ್ಲಿರುವ ಈ ಎಂಜಲು ಬಿಟ್ಟರೆ ಬೇರೆ ಇಲ್ಲವೆಂದು ಅವನು ಹೇಳಲು, ಅದನ್ನೇ ಕೊಡೆಂದು ಇಸಿದುಕೊಂಡು ತಿಂದ. ನೀರನ್ನೂ ಕುಡಿ ಎಂದು ಅವನು ಕೊಡಬಂದಾಗ ಮಾತ್ರ, ಎಂಜಲು ನೀರನ್ನು ಕುಡಿಯೆನೆಂದು ಉಷಸ್ತಿ ನಿರಾಕರಿಸಿದ. ಕಾಳು ಎಂಜಲಲ್ಲವೆ ಎಂದು ಆ ಮನುಷ್ಯ ಕೇಳಿದ್ದು ಸಹಜವೇ. ಅದನ್ನು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರಾದರೋ ನನಗೆ ಬೇಕಾದಲ್ಲಿ ಸಿಗುತ್ತದೆ, ಎಂಬುದು ಉಷಸ್ತಿಯ ಸಮಾಧಾನ. ತಾನು ತಿಂದದ್ದಕ್ಕೆ ನಾಚದೆ, ಅದನ್ನೇ ನೆವಮಾಡಿಕೊಂಡು ಮುಂದಿನದಕ್ಕೂ ಕೈಚಾಚದೆ, ಅಗತ್ಯ ಎಲ್ಲಿ ಮುಗಿದು ಆಸೆ ಎಲ್ಲಿ ಮೊದಲಾಗುತ್ತದೋ ಆ ಗೆರೆಯ ಮೇಲೆ ನಿಂತ ಈ ಬಡ ಬ್ರಾಹ್ಮಣನನ್ನು ನಾನು ಎಷ್ಟು ವರ್ಷ ವಿದ್ಯಾರ್ಥಿಗಳ ಮುಂದೆ ಹೊಗಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಆದರೆ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಮತ್ತು ನಾನು ಪಾಠದಲ್ಲಿ ಸರಸರನೆ ದಾಟಿಬಿಡುತ್ತಿದ್ದುದು ಮುಂದಿನ ಭಾಗವನ್ನೇ. ಉಳಿದ ಕಾಳನ್ನು ಉಷಸ್ತಿ ಹೆಂಡತಿಗೆ ತಂದುಕೊಟ್ಟ. ಅವಳು ಅಷ್ಟರಲ್ಲೇ ಎಲ್ಲಿಯೋ ಒಳ್ಳೆಯ ಭಿಕ್ಷೆಯನ್ನು ಸಂಪಾದಿಸಿದ್ದಳು. ಇದನ್ನು ತಿನ್ನದೆ ಎತ್ತಿಟ್ಟಳು. ಬೆಳಗಾದಾಗ, ತುಸು ಅನ್ನ ಸಿಕ್ಕಿದ್ದರೆ ರಾಜನ ಯಾಗಕ್ಕೆ ಹೋಗಿ ಧನ ಸಂಪಾದಿಸಬಹುದಿತ್ತೆಂದು ಗಂಡ ಹಲುಬಿದ. ನೆನ್ನೆಯ ಕಾಳನ್ನು ಅವಳು ಮುಂದಿಟ್ಟಳು. ಎಂಜಲೂ ಹೌದು, ತಂಗಳೂ ಹೌದು. ತಿಂದು ಹೋಗಿ ಅವನು ಯಾಗಶಾಲೆಯಲ್ಲಿ ಋತ್ವಿಕ್ಕುಗಳನ್ನು ಪ್ರಶ್ನಿಸಿ ಗೆದ್ದ. ನೀರನ್ನು ನಿರಾಕರಿಸಿದ ಉಷಸ್ತಿಯ ವಿವೇಕಕ್ಕೆ ಸೂತ್ರವಾಯಿತು, ಭಾಷ್ಯವಾಯಿತು, ಟೀಕೆ ಟಿಪ್ಪಣಿಗಳಾದುವು. ಆಟಿಕಿ ಯಾರ ಬಾಗಿಲಲ್ಲಿ ಬೇಡಿದಳು, ಯಾರ ಎಂಜಲನ್ನು ಉಂಡಳು, ಅವಳ ಗೆರೆ ಎಲ್ಲಿತ್ತು, ಎಂಬುದನ್ನು ಕೇಳಿದವರಿಲ್ಲ.

ನಮ್ಮ ಮನೆಯಲ್ಲಿ ನಾನು ಚಿಕ್ಕವನಾಗಿದ್ದಾಗ ಅಜ್ಜಿಯ ಮಡಿ ಊರಿಗೆಲ್ಲ ಹೆಸರಾದುದು. ನಲ್ಲಿಯ ನೀರು ಬಂದ ಮೇಲೂ ಅವರು ಬಾವಿಯ ನೀರನ್ನಲ್ಲದೆ ಕುಡಿಯಲಿಲ್ಲ. ಬಂದವರು ಹೋದವರು ಅವರ ನಿಷ್ಠೆಯನ್ನು ಕೊಂಡಾಡುವರು. ಪುಷ್ಯಮಾಸದ ಚಳಿಯಲ್ಲಿ, ಇನ್ನೂ ಕತ್ತಲಿರುವಾಗಲೇ, ಒದ್ದೆಸೀರೆಯಲ್ಲಿ ಆ ಬಾವಿಯಿಂದ ಎರಡು ಕೊಡ ಸೇದುತ್ತಿದ್ದವಳು ನಮ್ಮ ತಾಯಿ. ರಾಟೆಯ ಕಿರುಗುಟ್ಟುವಿಕೆಗೆ ನನಗೆ ಎಚ್ಚರವಾಗುತ್ತಿತ್ತು. ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡು ಮಲಗುತ್ತಿದ್ದೆ. ಮಡಿಕೋಲಿನಿಂದ ಗಳುವಿನ ಮೇಲೆ ಬಟ್ಟೆ ಹರವುವವಳೂ ಅವಳೇ, ಮುಸುರೆಯ ಪಾತ್ರೆಗಳನ್ನು ಬೇರೆಯಾಗಿ ಬೆಳಗುವವಳೂ ಅವಳೇ. ಹಬ್ಬದ ದಿನ ನೈವೇದ್ಯವಾಗಿ ಗಂಡಸರ ಪಂಕ್ತಿ ಎದ್ದು ಅವಳು ಎಲೆಯ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ಪಲ್ಯ ತಳ ಕಂಡಿರುತ್ತಿತ್ತು. ನಿಯಮ ಅಜ್ಜಿಯದು, ಪುಣ್ಯವೂ ಅವರದೇ. ವೆಚ್ಚ ನಮ್ಮ ತಾಯಿಯದು. ನಾನೂ ಜೀವಮಾನವೆಲ್ಲ ಆಹಾರನಿಯಮವನ್ನು ತಪ್ಪದೆ ನಡೆಸಿದವನೆಂದು ಹೇಳಿಕೊಳ್ಳುತ್ತೇನೆ. ಬಿಸಿಬಿಸಿಯಾಗಿ ಬಡಿಸಿದ್ದನ್ನು ಉಂಡು ಏಳುವುದಕ್ಕೆ ನಡೆಸುವುದು ಎಂದು ಹೆಸರಾದರೆ ಅದು ನಿಜ. ಎಪ್ಪತ್ತೇಳನೆಯ ವಯಸ್ಸಿನಲ್ಲಿಯೂ ಒಂದು ಸಾರಿಗೆ ಎಷ್ಟು ಉಪ್ಪು ಬೇಕೆಂದು ನನಗೆ ಗೊತ್ತಿಲ್ಲ.

ಪರದೇಶಕ್ಕೆ ಓದಲು ಹೋದವರ ಸ್ಥಿತಿ ಇಲ್ಲಿ ಬೇರೆಯಾಗುತ್ತದೆ. ಮನೆಯಲ್ಲಿ ಉಸಿರಾಟದಂತಿದ್ದ ನಿಯಮ ಅಲ್ಲಿ ಹೋದೊಡನೆ ಬೆಲೆಚೀಟಿ ಹಚ್ಚಿಕೊಂಡು ಎದುರಿಗೆ ನಿಲ್ಲುತ್ತದೆ: ಇಷ್ಟು ಮೈಲಿ ನಡೆದರೆ ಉಂಟು, ಇಷ್ಟು ಹೊತ್ತು ಒಲೆಯ ಮುಂದೆ ನಿಂತರೆ ಉಂಟು, ಇಷ್ಟು ಜನರೆದುರು ನಾಚಿಕೆ ಬಿಟ್ಟು ಕೇಳಿದರೆ ಉಂಟು. ತೆರಲು ಸಿದ್ಧನಾದವನಿಗೆ ಅದು ಮೊದಲ ಸಲ ವ್ರತವಾಗುತ್ತದೆ. ರಾಮಾನುಜನ್ ಪೈಜಾಮ ಹಾಕಿಕೊಂಡು ತಮ್ಮ ಸಾರನ್ನು ತಾವೇ ಕುದಿಸಿದರು. ಗಾಂಧೀಜಿ ಒಂದು ಕೋಣೆ ಹಿಡಿದು, ಸಣ್ಣ ಒಲೆಯ ಮೇಲೆ ಓಟ್ಸಿನ ಗಂಜಿಯನ್ನೂ ಕೋಕೋವನ್ನೂ ಕಾಸಿಕೊಂಡು, ದಿನಕ್ಕೆ ಒಂದು ಷಿಲಿಂಗ್ ಮೂರು ಪೆನ್ಸಿನಲ್ಲಿ ಕಾಲ ಕಳೆದರು. ತೆರಲಾರದೆ ಬಿಟ್ಟವರನ್ನು ನಾನು ಹಳಿಯುವುದಿಲ್ಲ. ಅವರು ಬಿಟ್ಟದ್ದು ತಮ್ಮದನ್ನಲ್ಲ, ತಾಯಂದಿರು ಅದುವರೆಗೆ ಅವರಿಗಾಗಿ ಹೊತ್ತಿದ್ದನ್ನು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಅನಂತಮೂರ್ತಿಯವರು ಬರೆದ 'ಸಂಸ್ಕಾರ' 1965ರಲ್ಲಿ ಪ್ರಕಟವಾದಾಗ, ಅದರಲ್ಲಿ ಪ್ರಾಣೇಶಾಚಾರ್ಯರು ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತದ್ದನ್ನು ಓದಿ ಕೆರಳಿದ ಹಿರಿಯರ ಸಾಲಿನಲ್ಲಿ ನಾನೂ ಒಬ್ಬ ಎಳೆಯ ಹಿರಿಯನಾಗಿದ್ದೆ. ಶವ ಎತ್ತುವವರೆಗೆ ಉಣ್ಣುವಂತಿಲ್ಲದ ಅಗ್ರಹಾರದ ಹಸಿವನ್ನು ಅಷ್ಟು ಹತ್ತಿರದಿಂದ ಬರೆಯಲು ಅಷ್ಟು ದೂರದ ಊರು ಬೇಕಾಯಿತೆಂಬುದು ಆಗ ನನಗೆ ಹೊಳೆಯಲಿಲ್ಲ.

ಇದನ್ನೆಲ್ಲ ಆ ಭಾನುವಾರ ನಾನು ಮೊಮ್ಮಗಳಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟೆ: ತಿಳಿಯದೆ ತಿಂದದ್ದರ ಶುದ್ಧಿಗಾಗಿ ವರ್ಷಕ್ಕೊಂದಾದರೂ ಕೃಚ್ಛ್ರವ್ರತ ಮಾಡಬೇಕೆಂದು ಮನು ಹೇಳಿದ್ದಾನೆ, ಎಂದರೆ ತಿಳಿಯದೆ ತಿನ್ನುವುದು ಎಲ್ಲರಿಗೂ ಇದ್ದದ್ದೇ ಎಂದು ಅವನಿಗೂ ಗೊತ್ತಿತ್ತು, ಚಿಂತೆ ಬೇಡ. ಅವಳು ಒಂದು ಕ್ಷಣ ಸುಮ್ಮನಿದ್ದು, "ತಾತ, ನೀವು ದಿನಾ ಬೆಳಿಗ್ಗೆ ಮಂಡಿನೋವಿಗೆ ನುಂಗ್ತೀರಲ್ಲ, ಆ ಕ್ಯಾಪ್ಸೂಲಿನ ಸಿಪ್ಪೆ ಯಾವುದರದ್ದು ಅಂತ ಓದಿದೀರಾ?" ಎಂದಳು. ಭೂತಗನ್ನಡಿ ಹಿಡಿದು ಓದಿದೆ. ಜೆಲಟಿನ್ ಎಂದಿತ್ತು. ಅದು ದನವೋ ಹಂದಿಯೋ ಯಾವುದಾದರೊಂದರ ಎಲುಬು ತೊಗಲುಗಳನ್ನು ಬೇಯಿಸಿ ತೆಗೆಯುವ ವಸ್ತು. ಔಷಧಕ್ಕೆ ದೋಷವಿಲ್ಲವೆಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಏಕೆಂದರೆ ಮಂಡಿನೋವಿನಿಂದ ಯಾರ ಪ್ರಾಣವೂ ಹೋಗುವುದಿಲ್ಲ.

ಮೂರು ವಾರ ಕಳೆದು ಅವಳು ಮತ್ತೆ ಕರೆದಾಗ ಬಾಣಲೆಯ ಸಮಾಚಾರ ತಾನಾಗಿ ಬಂದಿತು. ಇವಳು ಎರಡೆರಡು ಸಲ ಉಜ್ಜುವುದನ್ನು ಆ ವಿಯೆಟ್ನಾಮಿನ ಹುಡುಗಿ ನೋಡಿಕೊಂಡೇ ಇದ್ದು, ಏನೂ ಮಾತಾಡದೆ, ತನ್ನ ಅಡುಗೆಗೆಂದು ಇನ್ನೊಂದು ಬಾಣಲೆಯನ್ನು ತಂದು ಪಕ್ಕದ ಒಲೆಯ ಮೇಲಿಟ್ಟುಕೊಂಡಿದ್ದಳಂತೆ. "ನಿಯಮ ನನ್ನದು, ದುಡ್ಡು ಅವಳದು, ಇದು ಹೇಗೆ ತಾತ?" ಎಂದಳು ಇವಳು. ಹನ್ನೆರಡು ಯೂರೋವನ್ನು ಅವಳ ಕೈಯಲ್ಲಿಟ್ಟು ಹೊಸ ಬಾಣಲೆಯನ್ನು ತಾನೇ ತೆಗೆದುಕೊಂಡಳಂತೆ. ಎಷ್ಟೋ ಒತ್ತಾಯ ಮಾಡಿದ ಮೇಲೆ ಆ ಹುಡುಗಿ ಇಸಿದುಕೊಂಡಳಂತೆ. ಆ ಹೊಸ ಬಾಣಲೆಯಲ್ಲಿ ಮೊದಲು ಮಾಡಿದ್ದು ತುಪ್ಪ. ಇನ್ನೂರೈವತ್ತು ಗ್ರಾಮಿನ ಬೆಣ್ಣೆಯ ಕಟ್ಟು ಎರಡನ್ನು ತಂದು, ಉರಿ ಸಣ್ಣಗಿಟ್ಟು, ವೀಳ್ಯದೆಲೆ ಸಿಗದ ಊರಾದ್ದರಿಂದ ನಾಲ್ಕು ಮೆಂತ್ಯದ ಕಾಳು ಹಾಕಿ, ನೊರೆ ಅಡಗಿ ಸದ್ದು ನಿಲ್ಲುವವರೆಗೆ ಕಾಸಿದಳಂತೆ. ಕಂಪು ಓಣಿಯ ತುದಿಯವರೆಗೆ ಹೋಗಿ, ಆ ಹುಡುಗಿ ಬಂದು ನಿಂತು, ಸೋಸಿದ ಮೇಲೆ ತಳದಲ್ಲಿ ಉಳಿಯುವುದನ್ನು ಏನು ಮಾಡುತ್ತೀ ಎಂದು ಕೇಳಿದಳಂತೆ. ಚಿಕ್ಕಂದಿನಲ್ಲಿ ಆ ಗಸಿಗಾಗಿ ಇವಳು ತನ್ನ ತಮ್ಮನೊಡನೆ ಕಾದಾಡಿ ಅಡುಗೆಮನೆಯಲ್ಲಿ ರಂಪ ಮಾಡುತ್ತಿದ್ದವಳು.

"ಸಕ್ಕರೆ ಕಲಸಿ ಅವಳಿಗೆ ಅರ್ಧ ಕೊಟ್ಟೆ, ನಾನರ್ಧ ತಿಂದೆ. ಚಮಚ ಒಂದೇ ತೊಳೆದಿದ್ದು ಇತ್ತು ತಾತ." ಅಷ್ಟು ಹೇಳಿ, ನಾನೇನನ್ನುವೆನೋ ಎಂದು ಅವಳು ಕಾದಳು. ಗಸಿ ಚೆನ್ನಾಗಿ ಕೆಂಪಗಾಗಿತ್ತೇ, ಇಲ್ಲ ಸೀದಿತ್ತೇ ಎಂದು ಕೇಳಿದೆ.